ಅಜ್ಜಿಯ ಕೈಗೆ ಎರೆದ ನೀರು

ನನಗೆ ಒಂಬತ್ತು ವರ್ಷವಿದ್ದಾಗ ಮೂರು ತಿಂಗಳ ತಮ್ಮ ಜ್ವರ ಬಂದು ತೀರಿಕೊಂಡ. ತಿಂಗಳು ಕಳೆದ ಮೇಲೆ ಚಿಂತಾಮಣಿಯಿಂದ ದೂರದ ನೆಂಟರ ಹೆಂಗಸೊಬ್ಬಳು ಅಮ್ಮನನ್ನು ಮಾತಾಡಿಸಲು ನಮ್ಮೂರು ಜಂಗಮಕೋಟೆಗೆ ಬಂದಳು. ಎರಡು ಲೋಟ ಕಾಫಿ ಕುಡಿದು, ನಾವು ರೇಷ್ಮೆ ಹುಳು ಸಾಕುವ ಹುಳುಮನೆಯ ಕಡೆ ಕಣ್ಣು ಹಾಯಿಸಿ, ಇಷ್ಟೊಂದು ಜೀವಗಳನ್ನು ಸಾಕಿ ಕುದಿಯುವ ನೀರಿಗೆ ಕಳಿಸುವ ಮನೆಯಲ್ಲಿ ಕೂಸು ಹೇಗೆ ಉಳಿದೀತು, ಎಲ್ಲಾ ಕರ್ಮ ಎಂದಳು. ಚಿಂತಾಮಣಿಯ ಅವಳ ಮನೆಯ ಪೆಟ್ಟಿಗೆಯಲ್ಲಿ ನಾಲ್ಕು ರೇಷ್ಮೆ ಸೀರೆಗಳಿದ್ದವು, ನಾನೇ ಕಂಡಿದ್ದೆ. ಅವಳ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅವತ್ತಿನಿಂದ ಅಮ್ಮ ಹುಳುಮನೆಗೆ ಕಾಲಿಡಲಿಲ್ಲ. ಊಟವನ್ನೂ ಬಿಟ್ಟಳು. ಹುಳುಗಳು ಗೂಡು ಕಟ್ಟುವ ಮುಂಚಿನ ಆ ದಿನಗಳಲ್ಲಿ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಪ್ಪ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದು ಹಾಕುತ್ತಿದ್ದ, ಅಜ್ಜಿ ಮತ್ತು ನಾನು ಕತ್ತರಿಸಿ ಹುಳುಗಳಿದ್ದ ಬಿದಿರಿನ ತಟ್ಟೆಗಳಿಗೆ ಹರಡುತ್ತಿದ್ದೆವು. ನನಗೆ ಹುಳುಗಳ ಚಿಂತೆ ಇರಲಿಲ್ಲ. ಅಮ್ಮನೂ ತಮ್ಮನ ಹಿಂದೆಯೇ ಹೋಗಿಬಿಡುತ್ತಾಳೆ ಎಂಬುದೇ ನನ್ನ ಭಯವಾಗಿತ್ತು.

ಅಪ್ಪನ ತಾಯಿಯಾದ ನನ್ನಜ್ಜಿ, ಎದುರುಮನೆ ಇದೆ ಎಂದು ನಂಬುವಷ್ಟೇ ಗಟ್ಟಿಯಾಗಿ ಕರ್ಮ ಇದೆ ಎಂದು ನಂಬಿದವಳು. ಇರುವೆ ಸಾಲು ಕಂಡರೆ ಸುತ್ತಿ ಬಳಸಿ ಹೋಗುತ್ತಿದ್ದಳು. ಆ ಹೆಂಗಸು ಹೇಳಿದ್ದು ಸುಳ್ಳು ಎಂದು ಅವಳು ಒಂದು ಸಲವೂ ಹೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಸ್ನಾನ ಮಾಡಿ, ಚೊಂಬಿನಲ್ಲಿ ನೀರು, ಒಂದು ದಳ ತುಳಸಿ ತಂದು ಅಮ್ಮನ ಮುಂದೆ ಕೂತಳು. ದಾನ ಕೊಡುವವರು ಧಾರೆ ಎರೆದು ಕೊಡುತ್ತಾರಲ್ಲ, ಹಾಗೆ ಎರೆಯಲು ಚೊಂಬನ್ನು ಅಮ್ಮನ ಕೈಗಿಟ್ಟು ತನ್ನ ಬೊಗಸೆ ಒಡ್ಡಿದಳು.

"ಕರ್ಮಾನೇ ಆಗಿದ್ರೆ ನಂಗೆ ಕೊಟ್ಬಿಡಮ್ಮ. ಈ ಮನೆಗೆ ಮೊದಲ್ನೇ ತಟ್ಟೆ ತಂದೋಳು ನಾನು. ಹಸ್ದಿರೋದಕ್ಕೆ ಹಾಕೋದಷ್ಟೇ ನಿನ್ನ ಧರ್ಮ."

"ಬೇಡ ಅತ್ತಮ್ಮ," ಎಂದಳು ಅಮ್ಮ.

ಅಜ್ಜಿ ಕೈ ಹಿಂದಕ್ಕೆ ತೆಗೆಯಲಿಲ್ಲ. ಬಹಳ ಹೊತ್ತಾದ ಮೇಲೆ ಅಮ್ಮ ಎರೆದಳು. ನೀರು ಅಜ್ಜಿಯ ಮೊಣಕೈವರೆಗೆ ಇಳಿಯಿತು. ಅಮ್ಮ ಅವಳ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಅಜ್ಜಿ ಬಡಿಸಿದ ಅರ್ಧ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಉಂಡು, ಕೈ ತೊಳೆದು, ಸೆರಗು ಸಿಕ್ಕಿಸಿ ಹುಳುಮನೆಗೆ ಹೋದಳು.

ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಸಂಜೆ ಅಜ್ಜಿಯ ಪಕ್ಕ ಕೂತು, ಆ ಪಾಪಕ್ಕೆ ಮುಂದಿನ ಜನ್ಮದಲ್ಲಿ ನೀನು ಹುಳುವಾಗಿ ಹುಟ್ಟುತ್ತೀಯಾ ಎಂದು ಕೇಳಿದೆ. ಅವಳು ನಗಲಿಲ್ಲ, ನಿಜಕ್ಕೂ ಯೋಚನೆ ಮಾಡಿದಳು.

"ಹುಟ್ಟಿದ್ರೂ ಹುಟ್ಬೋದು ಕಣಮ್ಮ," ಎಂದಳು. "ಹುಟ್ಟಿದ್ರೆ ನಿಮ್ಮಮ್ಮನ ತಟ್ಟೇಲೇ ಹುಟ್ತೀನಿ. ಅವಳು ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕ್ತಾಳೆ."