ಡಿಜಿಟಲ್ ಸರ್

ಸರ್ ಕೂದಲಿಗೆ ಹಚ್ಚುತ್ತಿದ್ದ ಕಪ್ಪು ಬಣ್ಣ ಬೆವರಿನ ಜೊತೆ ಕಿವಿಯ ಹಿಂದಿನಿಂದ ಇಳಿದು ಬಿಳಿ ಅಂಗಿಯ ಕಾಲರಿಗೆ ಹತ್ತಿರುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ನಮಗೆ ಮಾಧ್ಯಮ ಮತ್ತು ಡಿಜಿಟಲ್ ಸಂಸ್ಕೃತಿ ಕಲಿಸಿದವರು ಇವರು. ಕಲಿಸಿದರು ಅನ್ನುವುದು ಮರ್ಯಾದೆಯ ಮಾತು. ಹಳದಿ ಬಿದ್ದ ಹಾಳೆ ನೋಡಿ ಬರೆಸುತ್ತಿದ್ದರು. ಇಂಟರ್ನೆಟ್ಟಿನ ಪಾಠಕ್ಕೂ "ಇಲ್ಲೊಂದು ಅಲ್ಪವಿರಾಮ ಹಾಕ್ರಿ" ಅನ್ನುವವರು. ಅವರ ಫೇಸ್‌ಬುಕ್ ಖಾತೆ ನಡೆಸುತ್ತಿದ್ದವರೂ ನಾವೇ. ಕ್ಲಾಸಿಗೆ ಕಾಲಿಟ್ಟವರೇ "ಲೈಕ್ ಎಷ್ಟ ಬಂದಾವ?" ಎಂದು ಕೇಳುತ್ತಿದ್ದರು.

ನಮ್ಮ ನಿಪ್ಪಾಣಿ ಕಡೆ ಚೌಕದಲ್ಲಿ ಕಟ್ಟುವ ಫ್ಲೆಕ್ಸ್ ಬ್ಯಾನರಿಗೇ ಡಿಜಿಟಲ್ ಅನ್ನುತ್ತಾರೆ. ವಾಢದಿವಸಕ್ಕೆ, ಅಂದರೆ ಹುಟ್ಟುಹಬ್ಬಕ್ಕೊಂದು ಡಿಜಿಟಲ್, ಸತ್ತರೊಂದು ಡಿಜಿಟಲ್. ಬೀಡಿ ಕಟ್ಟುವ ನಮ್ಮವ್ವ "ಮಗಳು ಡಿಜಿಟಲ್ ಕಲ್ಯಾಕತ್ತಾಳ" ಎಂದು ಓಣಿಯಲ್ಲಿ ಹೇಳಿದ್ದೇ ತಡ, ಪಕ್ಕದ ಮನೆಯ ಮಾವಶಿ ಬಂದು, "ನಮ್ಮ ಹುಡುಗನ ವಾಢದಿವಸ ಐತಿ, ಒಂದ್ ಡಿಜಿಟಲ್ ಮಾಡಿಕೊಡವಾ" ಎಂದಳು.

ಅದೇ ನನ್ನ ಕಿರುಪ್ರಬಂಧದ ವಿಷಯವಾಯಿತು. ಊರೂರಿನ ಚೌಕ ಸುತ್ತಿದೆ. ಪುಢಾರಿಗಳ ಮನೆಯವರನ್ನು ಬಿಟ್ಟರೆ, ಹೆಂಗಸಿನ ಮುಖ ಡಿಜಿಟಲ್ ಮೇಲೆ ಬರುವುದು ಸತ್ತ ಮೇಲೆಯೇ. ಅವ್ವನ ಮಾತಿನಿಂದಲೇ ಶುರು ಮಾಡಿ ಬರೆದು ಸರ್ ಕೈಗೆ ಕೊಟ್ಟೆ.

"ನಿಮ್ಮವ್ವ ನಿನ್ನ ಬೋರ್ಡ್ ಕಟ್ಟಾಕ ಕಳಿಸ್ಯಾಳೇನು ಇಲ್ಲಿ?" ಎಂದರು. ಕ್ಲಾಸೆಲ್ಲ ನಕ್ಕಿತು. ಹಾಳೆಗಳನ್ನು ಮಾತ್ರ ಮರಳಿ ಕೊಡಲಿಲ್ಲ.

ಮುಂದೆ ಅಥಣಿಯಲ್ಲೊಂದು ವಿಚಾರ ಸಂಕಿರಣ. ನಾವು ವಿದ್ಯಾರ್ಥಿಗಳೂ ಹೋಗಿದ್ದೆವು. ಸರ್ ವೇದಿಕೆ ಹತ್ತಿ ನನ್ನ ಪ್ರಬಂಧವನ್ನೇ ಓದಿದರು. ನನ್ನ ವಾಕ್ಯ, ನಾನು ಸುತ್ತಿದ ಚೌಕ. ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಮ.

"ನಮ್ಮವ್ವ ಒಮ್ಮೆ ಓಣ್ಯಾಗ ಹೇಳಿದ್ಲರಿ, ನನ್ನ ಮಗ ಡಿಜಿಟಲ್ ಕಲಿಸಾಕತ್ತಾನಂತ..."

ಸಭೆ ಚಪ್ಪಾಳೆ ತಟ್ಟಿತು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, "ಆಕಿ ನಮ್ಮವ್ವರಿ ಸರ್" ಎಂದೆ.

ಸರ್ ಮೈಕಿನಲ್ಲೇ ನಕ್ಕರು. "ಎಲ್ಲಾರ ಅವ್ವಂದಿರೂ ಒಂದ ಬಿಡು ತಂಗಿ."

ಮತ್ತೆ ಚಪ್ಪಾಳೆ. ಮರುದಿನ ನನ್ನನ್ನು ಕರೆದು, "ಇನ್ನ ನೀ ಅದನ್ನ ಕೊಟ್ರ ಮಂದಿ ನಕಲ್ ಅಂತಾರ, ಬ್ಯಾರೆ ವಿಷಯ ಹಿಡಿ" ಎಂದು ಬುದ್ಧಿ ಹೇಳಿದರು. ಕಳ್ಳನಿಗೊಂದು ಪಿಳ್ಳೆ ನೆವ. ಅವರೇ ಬರೆಸಿದ ಇನ್ನೇನನ್ನೋ ಬರೆದು ಪಾಸಾದೆ. ಆ ಪ್ರಬಂಧದ ಒಂದು ಸಾಲೂ ಈಗ ನೆನಪಿಲ್ಲ.

ಸರ್ ತೀರಿಕೊಂಡಾಗ ಹಳೆಯ ಗೆಳತಿ ಫೋನ್ ಮಾಡಿ, ಶ್ರದ್ಧಾಂಜಲಿಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡು ಎಂದಳು. ನಮ್ಮವ್ವನ ಮಾತು ಕದ್ದದ್ದನ್ನೂ ಬರೆಯಲೇನು ಎಂದು ಕೇಳಿದೆ. "ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದವಾ" ಎಂದಳು.

ಆಡಬಾರದು, ನಿಜ. ಆದರೆ ನಮ್ಮವ್ವ ಇನ್ನೂ ಬದುಕಿದ್ದಾಳೆ.