ಹುಡುಕಾಟಕ್ಕೆ ಸಿಗದ ಗಣಿತದ ಮೇಡಂ

ಸಂದರ್ಶನಕ್ಕೆ ಕರೆಯಬೇಕಾದವರ ಹೆಸರುಗಳಲ್ಲಿ ವನಜಾಳ ಹೆಸರಿರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಇಲ್ಲ.

ಚಾಮರಾಜಪೇಟೆಯ ಒಂದು ಖಾಸಗಿ ಪ್ರೌಢಶಾಲೆಗೆ ಗಣಿತ ಶಿಕ್ಷಕರು ಬೇಕಾಗಿದ್ದಾರೆ. ನಾನು ಅಲ್ಲಿಯೇ ಗಣಿತ ಕಲಿಸಿ ನಿವೃತ್ತನಾದವನು. ಆಯ್ಕೆ ಸಮಿತಿಯಲ್ಲಿ ನನ್ನನ್ನೂ ಕೂರಿಸಿದ್ದಾರೆ. ಅಭ್ಯರ್ಥಿಗಳನ್ನು ಹುಡುಕಿಕೊಡುವ ಕೆಲಸವನ್ನು ಕಾರ್ಯದರ್ಶಿಗಳು ಈ ಬಾರಿ ಒಂದು ನೇಮಕಾತಿ ಕಚೇರಿಗೆ ಒಪ್ಪಿಸಿದ್ದರು. ಆ ಕಚೇರಿಯ ಪರವಾಗಿ ಬಂದಾಕೆ ಸಹನಾ.

ವನಜಾ ಹಿಂದೊಮ್ಮೆ ಹೆರಿಗೆ ರಜೆಯಲ್ಲಿದ್ದವರ ಜಾಗದಲ್ಲಿ ನಮ್ಮಲ್ಲಿ ಪಾಠ ಮಾಡಿದ್ದಳು. ಆಕೆ ಈಗಿರುವ ಮಾವಳ್ಳಿಯ ಶಾಲೆ ಈ ವರ್ಷದ ಪರೀಕ್ಷೆ ಮುಗಿದೊಡನೆ ಮುಚ್ಚಲಿದೆ. ಮನೆಗೆ ಸಂಬಳ ತರುವವಳು ಅವಳೊಬ್ಬಳೇ. ಸಹನಾ ಹುಡುಕುವ ಜಾಲತಾಣದಲ್ಲಿಯೇ ಆಕೆಯ ರೆಸ್ಯೂಮೆ ಇದೆಯೆಂಬುದು ನನಗೆ ಗೊತ್ತಿತ್ತು.

ಹಾಗಾದರೆ ಹೆಸರು ಎಲ್ಲಿ ಹೋಯಿತು?

ನನ್ನ ಅನುಮಾನಕ್ಕೆ ಇನ್ನೊಂದು ಕಾರಣವಿತ್ತು. ಮೊದಲನೆಯ ಹೆಸರಿನ ಮಹಾಶಯರನ್ನು ನಾನು ಬಲ್ಲೆ. ವಿಶ್ವೇಶ್ವರಪುರಂನಲ್ಲಿ ಒಂದು ಮಹಡಿಯ ಮೇಲೆ ಅವರ ಮನೆಪಾಠದ ಬೋರ್ಡು ಇದೆ; ಸಂಜೆಯಾದರೆ ಮೆಟ್ಟಿಲ ಕೆಳಗೆ ಮಕ್ಕಳ ಸೈಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ.

ನಮ್ಮ ಶಾಲೆಯಲ್ಲಾದರೋ, ಶಿಕ್ಷಕರು ಟ್ಯೂಷನ್ ಮಾಡಕೂಡದು. ಹಳೆಯ ನಿಯಮ. ಸಂಜೆಯ ಪಾಠಕ್ಕೆ ಮಕ್ಕಳು ಬರಲೆಂದು ಬೆಳಗಿನ ಪಾಠವನ್ನು ಅರ್ಧಕ್ಕೇ ನಿಲ್ಲಿಸುವವರನ್ನು ಕಂಡು ಮಾಡಿದ ನಿಯಮ.

ಅಂಥವರು ಮೊದಲಿಗರು, ವನಜಾ ಇಲ್ಲವೇ ಇಲ್ಲ... ಸಹನಾಗೂ ಆ ಮಹಾಶಯರಿಗೂ ಏನೋ ಒಳಒಪ್ಪಂದವಿದೆ ಎಂದೇ ನಾನು ನಂಬಿದೆ.

ಮರುದಿನ ಶಾಲೆಯ ಕಚೇರಿಯಲ್ಲಿ ಆಕೆಯ ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತು, ಹೇಗೆ ಹುಡುಕಿದಿರಿ ತೋರಿಸಿ ಎಂದೆ. ಆಕೆ ಬೇಸರಿಸಲಿಲ್ಲ. ಅಷ್ಟೊಂದು ವಿನಯವೂ ನನಗೆ ಅನುಮಾನಾಸ್ಪದವಾಗಿಯೇ ಕಂಡಿತು.

ಅದರ ಹೆಸರು ಬೂಲಿಯನ್ ಸರ್ಚ್ ಅಂತೆ. ಬೇಕಾದ ಪದಗಳ ನಡುವೆ ‘ಆಂಡ್’ ಹಾಕಿದರೆ ಅವೆಲ್ಲವೂ ರೆಸ್ಯೂಮೆಯಲ್ಲಿರಬೇಕು. ‘ಆರ್’ ಹಾಕಿದರೆ ಒಂದಿದ್ದರೂ ಸಾಕು. ‘ನಾಟ್’ ಹಾಕಿದರೆ ಆ ಪದವಿರುವ ರೆಸ್ಯೂಮೆ ಕಣ್ಣಿಗೇ ಬೀಳುವುದಿಲ್ಲ. ಒಂಬತ್ತನೆಯ ತರಗತಿಗೆ ಗಣಗಳ ಪಾಠ ಮಾಡುವಾಗ ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ವೃತ್ತಗಳೇ ಇವು, ಹೊಸದೇನೂ ಅಲ್ಲ.

ಆಕೆ ಬರೆದಿದ್ದ ಸಾಲು ಹೀಗಿತ್ತು: ಗಣಿತ, ಆಂಡ್ ಬಿ.ಎಡ್., ಆಂಡ್ ಬೆಂಗಳೂರು. ಕೊನೆಗೆ... ನಾಟ್ ಟ್ಯೂಷನ್.

‘ಕಾರ್ಯದರ್ಶಿಗಳೇ ಹೇಳಿದ್ರು ಸರ್, ಟ್ಯೂಷನ್ ಮಾಡೋರು ಬೇಡವೇ ಬೇಡ ಅಂತ. ಅದಕ್ಕೇ ಹಾಕಿದೀನಿ.’

ಆ ಕೊನೆಯ ಪದವನ್ನು ತೆಗೆದು ಮತ್ತೆ ಹುಡುಕಲು ಹೇಳಿದೆ. ತೆರೆಯ ಮೇಲೆ ಇನ್ನಷ್ಟು ಹೆಸರುಗಳು ಬಂದವು. ಅವುಗಳ ನಡುವೆ ವನಜಾ ಇದ್ದಳು.

ರೆಸ್ಯೂಮೆ ತೆರೆದೆವು. ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಸೇರಿಸಿದ್ದಳು. ತಾನು ಖಾಸಗಿ ಟ್ಯೂಷನ್ ಮಾಡುವುದಿಲ್ಲ, ಮುಂದೆಯೂ ಮಾಡುವುದಿಲ್ಲ ಎಂಬುದು ಅದರ ಅರ್ಥ.

ಯಂತ್ರ ವಾಕ್ಯವನ್ನು ಓದಲಿಲ್ಲ. ಟ್ಯೂಷನ್ ಎಂಬ ಪದವನ್ನಷ್ಟೇ ಕಂಡು ಆಕೆಯನ್ನು ಹೊರಗಟ್ಟಿತ್ತು.

ವಿಶ್ವೇಶ್ವರಪುರಂನ ಮಹಾಶಯರದನ್ನೂ ತೆರೆಸಿದೆ. ಅಲ್ಲಿ ಟ್ಯೂಷನ್ ಎಂಬ ಪದ ಎಲ್ಲಿಯೂ ಇಲ್ಲ. ಅದರ ಬದಲು ‘ಅಕಾಡೆಮಿಕ್ ಮೆಂಟರಿಂಗ್’, ಅಂದರೆ ಓದಿಗೆ ಮಾರ್ಗದರ್ಶನ, ಎಂದಿದೆ. ಅವರಿಗೆ ಈ ಹುಡುಕಾಟದ ಗುಟ್ಟು ಗೊತ್ತಿತ್ತೇ, ಅಥವಾ ಅದು ಬರಿಯ ಆಡಂಬರವೇ? ನನಗಿನ್ನೂ ತಿಳಿದಿಲ್ಲ.

ಸಹನಾ ಎರಡೂ ರೆಸ್ಯೂಮೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದಳು.

‘ಸರ್, ತಪ್ಪು ತಿಳ್ಕೋಬೇಡಿ. ಇವರು ನಿಮಗೆ ಬೇಕಾದವರಾ?’

ಆಕೆಯನ್ನು ಪರೀಕ್ಷಿಸಲು ಕುಳಿತವನು ನಾನು. ಈಗ ಉತ್ತರ ಹೇಳಬೇಕಾದವನೂ ನಾನೇ. ವನಜಾಳನ್ನು ಬಲ್ಲೆ ಎಂದೆ. ಹೆಸರು ಇಲ್ಲದ್ದಕ್ಕೇ ವಿಚಾರಿಸಲು ಬಂದೆ ಎಂಬುದನ್ನೂ ಒಪ್ಪಿಕೊಂಡೆ. ಸಹನಾಳ ಮೇಲೆಯೇ ನನಗಿದ್ದ ಅನುಮಾನವನ್ನು ಮಾತ್ರ ಹೇಳಲಿಲ್ಲ.

ಅಷ್ಟರಲ್ಲಿ ಕಾರ್ಯದರ್ಶಿಗಳು ಒಳಗೆ ಬಂದರು. ವಿಷಯ ಕೇಳಿ ನಕ್ಕರು.

‘ಅಲ್ಲ ಮೇಷ್ಟ್ರೇ, ನೀವು ಹುಡುಕ್ತಾ ಇದ್ದಿದ್ದು ತಪ್ಪನ್ನೋ, ವನಜಾನೋ?’

ನಗುವಿನ ಹಿಂದೆ ಇದ್ದ ಪ್ರಶ್ನೆ ತಮಾಷೆಯದಲ್ಲ. ನಾನು ಸಮಿತಿಯಲ್ಲಿ ಕುಳಿತಿರುವಾಗ ವನಜಾ ಆಯ್ಕೆಯಾದರೂ ಆ ಕೆಲಸಕ್ಕೆ ಒಂದು ಕಲೆ ಅಂಟಿಕೊಂಡೇ ಇರುತ್ತದೆ. ‘ನಾಟ್’ ತೆಗೆದ ಮೇಲೆ ಸಿಕ್ಕವರ ರೆಸ್ಯೂಮೆಗಳನ್ನು ಯಾರಾದರೂ ಕಣ್ಣಿಟ್ಟು ಓದಲಿ, ಅರ್ಹರೆಲ್ಲರನ್ನೂ ಕರೆಯಲಿ. ಸಂದರ್ಶನದ ಕೋಣೆಗೆ ನಾನು ಬರುವುದಿಲ್ಲ ಎಂದೆ. ಅವರು ಒಪ್ಪಿದರು. ತಾನೇ ಓದುತ್ತೇನೆಂದು ಸಹನಾ ಹೇಳಿದಳು.

ಬರುವ ಸೋಮವಾರ ವನಜಾ ಮಾದರಿ ಪಾಠ ಮಾಡುತ್ತಾಳೆ. ಮಹಾಶಯರೂ ಮಾಡುತ್ತಾರೆ; ಸಂಜೆಯ ಪಾಠ ಬಿಡುವಿರಾ ಎಂದು ಅವರನ್ನು ಅಲ್ಲಿಯೇ ಕೇಳುತ್ತಾರಂತೆ. ಯಾರು ಆಯ್ಕೆಯಾಗುವರೋ ಹೇಳಲಾರೆ.

ಸಂಜೆ ಫೋನಿನಲ್ಲಿ ವನಜಾಗೆ ನಡೆದದ್ದನ್ನೆಲ್ಲ ತಿಳಿಸಿದೆ. ಸಂತೋಷಪಟ್ಟಳು. ಆಮೇಲೆ ಕೇಳಿದಳು.

‘ಸರ್, ಬೇರೆ ಸ್ಕೂಲುಗಳಿಗೂ ಅದೇ ರೆಸ್ಯೂಮೆ ಕಳಿಸಿದ್ದೆ. ಒಬ್ಬರೂ ಕರೀಲಿಲ್ಲ. ಆ ಟ್ಯೂಷನ್ ಲೈನ್ ತೆಗೆದುಬಿಡ್ಲಾ?’

ತೆಗೆ ಎನ್ನಲು ನನಗೆ ಬಾಯಿ ಬರಲಿಲ್ಲ, ಇರಲಿ ಎನ್ನಲು ಧೈರ್ಯ ಬರಲಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?