ತಲೆಯ ಮೇಲಿನ ಸೆರಗು

ಆಗ ಬಸವಕಲ್ಯಾಣವನ್ನು ನಾವು ಕಲ್ಯಾಣಿ ಎನ್ನುತ್ತಿದ್ದೆವು. ನಿಜಾಮರ ಕಾಲ. ನಾನು ಯಾರ ಕೈಕೆಳಗೂ ದುಡಿಯದ ಚಿತ್ರಗಾರ. ಅದು ಬರೀ ಜಂಬ ಎಂದು ನಮ್ಮ ದೊಡ್ಡಪ್ಪ ಬೈಯುತ್ತಿದ್ದರು. ಜಂಬವೇ, ಇಲ್ಲವೆನ್ನಲಾರೆ. ಬೆಳಿಗ್ಗೆ ಬೀಡಿ ಕಟ್ಟಿನ ಚೀಟಿಗೆ ನವಿಲು ಬರೆದರೆ ಮಧ್ಯಾಹ್ನ ಬಟ್ಟೆ ಅಂಗಡಿಯ ಹಲಗೆಗೆ ಉರ್ದು ಅಕ್ಷರದ ಸುತ್ತ ಹೂಬಳ್ಳಿ. ಮದುವೆ ಸುಗ್ಗಿಯಲ್ಲಿ ಗೋಡೆಗೊಂದು ಆನೆ. ಬಳ್ಳಿಗೆ ಹೊಸ ತಿರುವು ಹೊಳೆಯದಿದ್ದರೆ ಕೋಟೆಯೊಳಗೆ ಹೋಗಿ, ಕಲ್ಲಿನಲ್ಲಿ ಕೆತ್ತಿದ ಎಲೆಗಳ ಮುಂದೆ ಕೂತುಬಿಡುತ್ತಿದ್ದೆ. ಆ ತಂಪು ಕಲ್ಲು ಈಗಲೂ ಬೆನ್ನಿಗೆ ತಾಗಿದಂತಾಗುತ್ತದೆ. ಅಷ್ಟು ನೆಮ್ಮದಿಯಾಗಿ ಆಮೇಲೆ ನಾನು ಎಲ್ಲೂ ಕೂತಿಲ್ಲ.

ನನಗೆ ಹೆಸರು ತಂದದ್ದು ಮಾತ್ರ ಬೇರೆ ಕೆಲಸ. ಫೋಟೋ ತೆಗೆಸಿಕೊಳ್ಳದೆ ತೀರಿಹೋದವರ ಮುಖ ಬರೆಯುತ್ತಿದ್ದೆ. ಮನೆಯವರನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂರಿಸಿ, ಮೂಗು ಯಾರ ಹಾಗಿತ್ತು, ಗದ್ದ ಯಾರದು ಎಂದು ಕೇಳುವುದು. ತಮ್ಮನ ಮೂಗು, ಅತ್ತೆಯ ಹಣೆ, ಹೀಗೆ ಒಬ್ಬೊಬ್ಬರಿಂದ ಒಂದೊಂದು ಎರವಲು ಪಡೆದು ಮುಖ ಕೂಡಿಸುವುದು. ಮೂಗಿನ ವಿಷಯಕ್ಕೆ ಅಣ್ಣತಮ್ಮಂದಿರು ಜಗಳವಾಡಿದ್ದನ್ನೂ ಕಂಡಿದ್ದೇನೆ.

ಒಂದು ಮಳೆಗಾಲದ ಆರಂಭದಲ್ಲಿ ಹುಮನಾಬಾದಿನಿಂದ ಕರೆ ಬಂತು. ಕರೆಸಿದವರು ಒಬ್ಬ ವಯಸ್ಸಾದ ತಾಯಿ. ಇದ್ದೊಬ್ಬ ಮಗಳು ಗಂಡನ ಊರಿನಲ್ಲಿ ಜ್ವರ ಬಂದು ತೀರಿಹೋಗಿ ಎರಡು ವರ್ಷವಾಗಿತ್ತು. ತಾಯಿಯ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು.

"ನಾಗರ ಪಂಚಮಿಗಿ ಆಕಿ ತಪ್ಪದ ತವರಿಗಿ ಬರ್ತಿದ್ಳು ತಮ್ಮಾ," ಎಂದರು. "ಈ ಪಂಚಮಿಗಿ ಆಕಿ ಮಾರಿ ಒಮ್ಮಿ ನೋಡಬೇಕು. ಮುಂದಿನ ಪಂಚಮಿಗಿ ನನ್ನ ಕಣ್ಣ ಇರಂಗಿಲ್ಲ."

ನಾನು ಅವರ ಮೂಗನ್ನೂ ಅವರ ತಂಗಿಯ ಕಣ್ಣನ್ನೂ ತೆಗೆದುಕೊಂಡೆ. ಕಲ್ಯಾಣಿಗೆ ಬಂದು ಹದಿನೈದು ದಿನ ಕೂತು ಬರೆದೆ. ತಲೆಯ ಮೇಲೆ ಇಳಕಲ್ ಸೀರೆಯ ಸೆರಗು ಹೊದಿಸಿ, ಅದರ ಕೆಂಪು ಅಂಚನ್ನು ಒಂದೊಂದೇ ಎಳೆಯಾಗಿ ಎಳೆದೆ. ಮರ್ಯಾದಸ್ಥರ ಮನೆಯ ಹೆಣ್ಣುಮಗಳನ್ನು ಬೇರೆ ಹೇಗೆ ಬರೆಯುವುದು? ಅಲ್ಲದೆ ಕೂದಲು ಬರೆಯುವ ಕಷ್ಟವೂ ತಪ್ಪುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಮೋಟಾರು ಬಸ್ಸಿನಲ್ಲಿ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಹುಮನಾಬಾದಿಗೆ ಹೋದೆ. ಆ ತಾಯಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದರು. ಎಷ್ಟೋ ಹೊತ್ತು ನೋಡಿ ನನ್ನ ಕೈಗೆ ವಾಪಸು ಕೊಟ್ಟರು.

"ಈಕಿ ಯಾರೋ ಮಂದಿ ಮನಿ ಸೊಸಿ. ನನ್ನ ಮಗಳಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಮೂಗು ನಿಮ್ಮದೇ, ಕಣ್ಣು ನಿಮ್ಮ ತಂಗಿಯದೇ, ಇನ್ನೇನು ಬೇಕು ಎಂದುಬಿಟ್ಟೆ. ಅವರು ಸೀರೆಯ ತುದಿಯಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಪಂಚಮಿಗೆ ಇನ್ನು ಎಂಟೇ ದಿನ ಇತ್ತು.

ಮನೆಗೆ ಬಂದವನೇ ಚಿತ್ರವನ್ನು ಅಡುಗೆಮನೆಯ ಗೋಡೆಗೆ ಒರಗಿಸಿ, ಕುರುಡರಿಗೆ ಚಿತ್ರ ಬರೆಯಬಾರದು ಎಂದೆ. ಇಂದಿಗೂ ಆ ಮಾತಿಗೆ ನಾಚಿಕೆಯಾಗುತ್ತದೆ. ರೊಟ್ಟಿ ಬಡಿಯುತ್ತಿದ್ದ ನಮ್ಮ ಅವ್ವ ಕೈ ನಿಲ್ಲಿಸಿ ಚಿತ್ರದ ಕಡೆ ನೋಡಿದಳು.

"ಹುಚ್ಚಪ್ಪ, ಯಾವ ಮಗಳು ತವರುಮನ್ಯಾಗ ತಲಿಮ್ಯಾಲ ಸೆರಗು ಹೊದಿತಾಳ?"

ಸೆರಗು ಹೊದೆಯುವುದು ಸೊಸೆ. ಮಗಳು ತವರಿನ ಹೊಸ್ತಿಲು ದಾಟಿದ ಕೂಡಲೇ ಸೆರಗು ಇಳಿಸುತ್ತಾಳೆ. ಊರಿಗೆಲ್ಲ ಗೊತ್ತಿದ್ದದ್ದು ನನಗೆ ಹೊಳೆದಿರಲಿಲ್ಲ. ನನಗೆ ಅಕ್ಕತಂಗಿಯರಿಲ್ಲ. ಚಿತ್ರಗಾರನಾಗಿ ಹೋದ ಮನೆಗಳಲ್ಲಿ, ಪರ ಗಂಡಸು ಬಂದನೆಂದು ಹೆಂಗಸರೆಲ್ಲ ಸೆರಗು ಹೊದ್ದೇ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ದೊಡ್ಡಪ್ಪ ಇದ್ದುದರಿಂದ ಅವ್ವನ ಸೆರಗೂ ಇಳಿಯುತ್ತಿರಲಿಲ್ಲ. ಮೋರಖಂಡಿ ಊರಿನ ಅವಳ ತವರು ನಾನು ಹುಟ್ಟುವ ಮೊದಲೇ ಮುಗಿದುಹೋಗಿತ್ತು. ಅಲ್ಲಿ ಕರೆಯುವವರು ಯಾರೂ ಉಳಿದಿರಲಿಲ್ಲ.

"ಹಂಗಾದ್ರ ಕೂದಲ ಹ್ಯಾಂಗ ಬರೀಲಿ?" ಎಂದೆ.

ಅವ್ವ ಹಿಟ್ಟಿನ ಕೈ ತೊಳೆದುಕೊಂಡಳು. ಪಡಸಾಲೆಯ ಕಡೆಯ ಬಾಗಿಲು ಎಳೆದು ಮುಚ್ಚಿದಳು. ಹಿತ್ತಿಲ ಬೆಳಕಿಗೆ ಕೂತು, ಮೆಲ್ಲಗೆ ಸೆರಗು ಇಳಿಸಿದಳು.

"ನೋಡ್ಕೊ. ಲಗೂ ಬರಿ, ನಿಮ್ ದೊಡ್ಡಪ್ಪ ಬರ್ತಾರ."

ಚಿಕ್ಕಂದಿನಲ್ಲಿ ನೋಡಿದ್ದಿರಬಹುದು. ನೆನಪಿನಲ್ಲಿ ಉಳಿದಂತೆ ಅವ್ವನ ತಲೆಯನ್ನು ನಾನು ಕಂಡದ್ದು ಅಂದೇ. ಕೂದಲು ಅರ್ಧ ಬೆಳ್ಳಗಾಗಿತ್ತು. ಬೈತಲೆಯ ಎಡಕ್ಕೆ ಒಂದು ಸುಳಿ, ಎಷ್ಟು ಎಣ್ಣೆ ಹಚ್ಚಿದರೂ ಮಾತು ಕೇಳದ ಸುಳಿ. ಅವಳು ನಾಚಿ ನಗುತ್ತಿದ್ದಳು. ನನಗೆ ಅಳು ಬಂದಿತ್ತು, ತಪ್ಪನ್ನು ಒಲೆಯ ಹೊಗೆಯ ಮೇಲೆ ಹಾಕಿದೆ. ಬಿಳಿ ಕೂದಲನ್ನು ಚಿತ್ರದಲ್ಲಿ ಕಪ್ಪು ಮಾಡಿದೆ. ಸುಳಿಯನ್ನು ಮಾತ್ರ ಬಿಡಲಾಗಲಿಲ್ಲ.

ಪಂಚಮಿಗೆ ಎರಡು ದಿನ ಇರುವಾಗ ಹೊಸ ಚಿತ್ರದೊಂದಿಗೆ ಮತ್ತೆ ಆ ಬಾಗಿಲಿಗೆ ನಿಂತೆ. ಮೊದಲು ಕ್ಷಮೆ ಕೇಳಿದೆ. ಆ ತಾಯಿ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

"ಬಂದ್ಯಾ, ನನ್ನವ್ವಾ?" ಎಂದರು. ನನಗಲ್ಲ, ಚಿತ್ರಕ್ಕೆ. ಕೆನ್ನೆಯ ಮೇಲೆ ಬೆರಳಾಡಿಸಿದರು. ಬೆರಳು ಬೈತಲೆಗೆ ಬಂದು ನಿಂತಿತು.

"ಈ ಸುಳಿ ನಮ್ಮಾಕಿಗಿ ಇರಲಿಲ್ಲಲ್ಲ ತಮ್ಮಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಮ್ಮವ್ವಂದ್ರಿ," ಎಂದೆ. ಅಡುಗೆಮನೆಯಲ್ಲಿ ನಡೆದುದನ್ನೆಲ್ಲ ಹೇಳಿದೆ, ಅವಳಿಗೆ ತವರಿಲ್ಲದ್ದನ್ನೂ ಹೇಳಿದೆ. "ಈಗೇ ಅಳಸ್ತೇನ್ರಿ," ಎಂದು ಕುಂಚದ ಚೀಲಕ್ಕೆ ಕೈ ಹಾಕಿದೆ.

ಅವರು ಚಿತ್ರವನ್ನು ಎದೆಗೆ ಒತ್ತಿಕೊಂಡರು. "ಅಳಸಬ್ಯಾಡ. ಇರಲಿ. ನಿಮ್ಮವ್ವಗ ಹೇಳು, ಪಂಚಮಿಗಿ ಇಲ್ಲೇ ಬಾ ಅಂದಾರ ಅಂತ."

ಅವ್ವ ಮೊದಲು ಒಪ್ಪಲಿಲ್ಲ, ಗುರುತಿಲ್ಲದ ಮನೆಗೆ ಹೇಗೆ ಹೋಗುವುದೆಂದಳು. ಆಶ್ಚರ್ಯವೆಂದರೆ ಹೋಗಿ ಬಾ ಎಂದು ಗದರಿಸಿದವರು ದೊಡ್ಡಪ್ಪನೇ. ಹುರಿದ ಜೋಳದ ಅಳ್ಳು, ತಂಬಿಟ್ಟಿನ ಗಂಟು ಹಿಡಿದು ಅವ್ವ ನನ್ನ ಜೊತೆ ಹುಮನಾಬಾದಿನಲ್ಲಿ ಮೋಟಾರು ಇಳಿದಳು. ದಾರಿಯುದ್ದಕ್ಕೂ ಸೆರಗನ್ನು ಮತ್ತೆ ಮತ್ತೆ ಹಣೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಬಾಗಿಲಲ್ಲಿ ಆ ತಾಯಿ ತಂಬಿಗೆಯಲ್ಲಿ ಕಾಲಿಗೆ ನೀರು ಹಿಡಿದು ನಿಂತಿದ್ದರು. ಅವ್ವ ಕಾಲು ತೊಳೆದುಕೊಂಡಳು. ಹೊಸ್ತಿಲು ದಾಟಿದಳು. ಒಳಗೆ ಹೋಗಿ ಒಂದು ಗಳಿಗೆ ನಿಂತು, ಸೆರಗು ಇಳಿಸಿದಳು.